ಸಂಧಿವಾತ: ಪ್ರಶ್ನಾವಳಿ ಬದಲಾದರೆ ನಿಮ್ಮ ಅಂಕವೂ ಬದಲಾಗುವುದೇಕೆ?

ರುಮಟಾಯ್ಡ್ ಸಂಧಿವಾತಕ್ಕೆ ಚಿಕಿತ್ಸೆ ಪಡೆಯುವವರಿಗೆ ರಕ್ತಪರೀಕ್ಷೆ, ಎಕ್ಸ್‌ರೇಗಳ ಜೊತೆಗೆ ಇನ್ನೊಂದು ಪರೀಕ್ಷೆಯೂ ಇರುತ್ತದೆ. ಅದರಲ್ಲಿ ಸೂಜಿ ಇಲ್ಲ, ಯಂತ್ರ ಇಲ್ಲ. ಒಂದು ಹಾಳೆ, ಹತ್ತು ಹನ್ನೆರಡು ಪ್ರಶ್ನೆ. ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ? ಲೋಟ ಎತ್ತಿ ಬಾಯಿಗೆ ತರಲು ಆಗುತ್ತದೆಯೇ? ನಲ್ಲಿ ತಿರುಗಿಸಲು ಕಷ್ಟವೇ? ಉತ್ತರಗಳನ್ನು ಕೂಡಿ ವೈದ್ಯರು ಒಂದು ಅಂಕ ಬರೆದುಕೊಳ್ಳುತ್ತಾರೆ.

ಗೊಂದಲ ಶುರುವಾಗುವುದು ಆಸ್ಪತ್ರೆ ಬದಲಾದಾಗ. ಮಕ್ಕಳ ಕೆಲಸದ ನಿಮಿತ್ತ ಚೆನ್ನೈಗೆ ಬಂದು ನೆಲೆಸಿದ ಕನ್ನಡದ ಹಿರಿಯರಿದ್ದಾರೆ. ಬೆಂಗಳೂರು, ಕೋಲಾರದ ಕಡೆಯಿಂದ ರೈಲು ಹತ್ತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೋ, ಚೆನ್ನೈ ಸೆಂಟ್ರಲ್ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಸಾಮಾನ್ಯ ಆಸ್ಪತ್ರೆಗೋ ಹೋಗುವವರೂ ಇದ್ದಾರೆ. ಎರಡೂ ಕಡೆ ರುಮಟಾಲಜಿ ವಿಭಾಗಗಳಿವೆ. ಹಳೆಯ ಆಸ್ಪತ್ರೆಯ ಫೈಲಿನಲ್ಲಿ 0.75 ಎಂದಿರುತ್ತದೆ, ಹೊಸ ಕಡೆ 1.63 ಎಂದು ಬರೆದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕಾಯಿಲೆ ಇಮ್ಮಡಿಯಾಯಿತೇ? ಇಷ್ಟು ದಿನದ ಔಷಧ ವ್ಯರ್ಥವಾಯಿತೇ?

ಹಾಗೇನೂ ಆಗಿರಬೇಕಿಲ್ಲ. ಒಬ್ಬರೇ ರೋಗಿ, ಒಂದೇ ದಿನ, ಎರಡು ಪ್ರಶ್ನಾವಳಿ ತುಂಬಿದರೂ ಇಷ್ಟು ಅಂತರ ಬರಬಹುದು. ಹೇಗೆ ಎಂಬುದನ್ನು ಲೆಕ್ಕ ಸಮೇತ ನೋಡೋಣ.

ಕೆಲಸ ಮಾಡುವ ಶಕ್ತಿಯನ್ನು ಅಳೆಯುವುದು ಏಕೆ?

ರುಮಟಾಯ್ಡ್ ಸಂಧಿವಾತ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ಎರಗುವ ಕಾಯಿಲೆ. ಉರಿಯೂತ ಎಷ್ಟಿದೆ ಎಂದು ತಿಳಿಯಲು ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳಿವೆ. ಊದಿದ, ನೋಯುವ ಕೀಲುಗಳನ್ನು ಎಣಿಸುವ ಡಿಎಎಸ್28 ಎಂಬ ಲೆಕ್ಕವೂ ಇದೆ. ಆದರೆ ಅದರಲ್ಲಿ ಎಣಿಸುವ 28 ಕೀಲುಗಳಲ್ಲಿ ಪಾದ ಮತ್ತು ಹರಡಿನ ಕೀಲುಗಳು ಸೇರಿಲ್ಲ. ಪಾದದ ಬೆರಳುಗಳ ಬುಡದಲ್ಲಿ ನೋವಿಟ್ಟುಕೊಂಡು ನಡೆಯಲು ಒದ್ದಾಡುವವರ ಡಿಎಎಸ್28 ಅಂಕ ಚೆನ್ನಾಗಿಯೇ ಕಾಣಬಹುದು.

ರಕ್ತದ ವರದಿ ನಿಮ್ಮ ಸೀರೆಯ ನೆರಿಗೆ ಹಿಡಿಯಲು ಆಗುತ್ತದೋ ಇಲ್ಲವೋ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನೀವೇ. ಅದಕ್ಕಾಗಿಯೇ ಈ ಪ್ರಶ್ನಾವಳಿಗಳು. ಹೊಸ ಔಷಧಗಳ ಪ್ರಯೋಗಗಳಲ್ಲೂ ಊದಿದ ಕೀಲುಗಳ ಎಣಿಕೆಯ ಜೊತೆಗೆ ರೋಗಿಯೇ ಹೇಳುವ ದೈಹಿಕ ಸಾಮರ್ಥ್ಯವನ್ನು ಅಳತೆಗೋಲಾಗಿ ಬಳಸುತ್ತಾರೆ.

ಯಾವ ಯಾವ ಪ್ರಶ್ನಾವಳಿಗಳಿವೆ?

*ಹ್ಯಾಕ್.* ಇದು ಈ ಕುಟುಂಬದ ಹಿರಿಯಣ್ಣ. ಪೂರ್ಣ ಹೆಸರು ಹೆಲ್ತ್ ಅಸೆಸ್‌ಮೆಂಟ್ ಕ್ವೆಶ್ಚನೇರ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಎಂಟು ಗುಂಪುಗಳಲ್ಲಿ 20 ಪ್ರಶ್ನೆಗಳು: ಉಡುಪು ಮತ್ತು ಅಲಂಕಾರ, ಏಳುವುದು, ಊಟ, ನಡಿಗೆ, ಸ್ವಚ್ಛತೆ, ಕೈ ಚಾಚುವುದು, ಹಿಡಿತ, ಹೊರಗಿನ ಮತ್ತು ಮನೆಯ ಕೆಲಸ. ಕಳೆದ ಒಂದು ವಾರ ಹೇಗಿತ್ತು ಎಂದು ನೆನೆದು ಉತ್ತರಿಸಬೇಕು. ಕಷ್ಟವೇ ಇಲ್ಲದಿದ್ದರೆ 0, ಸ್ವಲ್ಪ ಕಷ್ಟವಾದರೆ 1, ತುಂಬಾ ಕಷ್ಟವಾದರೆ 2, ಮಾಡಲು ಆಗುವುದೇ ಇಲ್ಲವಾದರೆ 3. ಪ್ರತಿ ಗುಂಪಿನಲ್ಲಿ ಅತಿ ಹೆಚ್ಚಿನ ಅಂಕವನ್ನು ತೆಗೆದುಕೊಂಡು, ಎಂಟನ್ನೂ ಕೂಡಿ, ಎಂಟರಿಂದ ಭಾಗಿಸುತ್ತಾರೆ.

ಇದರಲ್ಲಿ ಇನ್ನೊಂದು ನಿಯಮವಿದೆ. ಒಂದು ಗುಂಪಿನ ಕೆಲಸಕ್ಕೆ ಊರುಗೋಲಿನಂಥ ಸಾಧನವನ್ನೋ ಇನ್ನೊಬ್ಬರ ಸಹಾಯವನ್ನೋ ಪಡೆದರೆ ಆ ಗುಂಪಿನ ಅಂಕವನ್ನು ಕನಿಷ್ಠ 2ಕ್ಕೆ ಏರಿಸುತ್ತಾರೆ.

*ಎಂಹ್ಯಾಕ್.* ಹ್ಯಾಕ್ ಉದ್ದವಾಯಿತು ಎಂದು ಡಾ. ಥಿಯೊಡೋರ್ ಪಿಂಕಸ್ ಮತ್ತು ಸಂಗಡಿಗರು 1983ರಲ್ಲಿ ಅದನ್ನು ಎಂಟೇ ಪ್ರಶ್ನೆಗೆ ಇಳಿಸಿದರು. ಗುಂಪಿಗೊಂದು ಪ್ರಶ್ನೆ. ಸಾಧನ, ಸಹಾಯದ ನಿಯಮ ಇಲ್ಲ. ತುಂಬುವುದು ಸುಲಭ, ಆದರೆ ಉಳಿದಿರುವುದು ಹಗುರವಾದ ಕೆಲಸಗಳು. ಹಾಗಾಗಿ ಹ್ಯಾಕ್‌ಗಿಂತ ಅಂಕ ಕಡಿಮೆ ಬರುತ್ತದೆ. ಕಷ್ಟ ಇರುವವರೂ ಸೊನ್ನೆಯ ಹತ್ತಿರ ನಿಂತುಬಿಡುತ್ತಾರೆ.

*ಎಂಡಿಹ್ಯಾಕ್.* ಆ ಕೊರತೆ ತುಂಬಲು ಪಿಂಕಸ್ ತಂಡವೇ 1999ರಲ್ಲಿ ಮುಂದಿಟ್ಟದ್ದು. ಇಂದು ಬಳಕೆಯಲ್ಲಿರುವ ರೂಪದಲ್ಲಿ ಆ ಎಂಟು ಪ್ರಶ್ನೆಗಳ ಜೊತೆಗೆ ಮೂರು ಕಿಲೋಮೀಟರ್ ನಡೆಯುವುದು, ಆಟ ಅಥವಾ ಮನರಂಜನೆಯಲ್ಲಿ ಭಾಗವಹಿಸುವುದು ಸೇರಿವೆ. ಇದರ ಅಂಕವನ್ನು 0ಯಿಂದ 10ರ ಅಳತೆಗೆ ಪರಿವರ್ತಿಸುತ್ತಾರೆ. ಇದಕ್ಕೆ ನೋವಿನ ಅಂಕ ಮತ್ತು ‘ಒಟ್ಟಾರೆ ಹೇಗಿದ್ದೀರಿ’ ಎಂಬ ಅಂಕ ಸೇರಿಸಿದರೆ 30ರ ಮೇಲೆ ಲೆಕ್ಕ ಹಾಕುವ ‘ರಾಪಿಡ್3’ ಸಿಗುತ್ತದೆ. ಅದರಲ್ಲಿ 12 ದಾಟಿದರೆ ಕಾಯಿಲೆ ಜೋರಾಗಿದೆ ಎಂದೂ, 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹತೋಟಿಯ ಹತ್ತಿರವಿದೆ ಎಂದೂ ಓದುತ್ತಾರೆ.

*ಹ್ಯಾಕ್-2.* ಡಾ. ಫ್ರೆಡರಿಕ್ ವುಲ್ಫ್ ಮತ್ತು ಸಂಗಡಿಗರದು, 2004. ಹತ್ತು ಪ್ರಶ್ನೆ. ಭಾರದ ವಸ್ತು ಎತ್ತುವುದು, ಹದಿನೈದು ನಿಮಿಷ ಸಾಲಿನಲ್ಲಿ ನಿಲ್ಲುವುದು, ಎರಡು ಮಹಡಿ ಹತ್ತುವುದು ಇಂಥವು ಇದರಲ್ಲಿವೆ. ರೇಷನ್ ಅಂಗಡಿಯ ಸಾಲು ಬಲ್ಲವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು.

*ಪ್ರಾಮಿಸ್.* ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಯೋಜನೆಯಿಂದ ಬಂದದ್ದು. ಇಲ್ಲಿ ಎಚ್ಚರ ಬೇಕು. ಇದರಲ್ಲಿ 50 ಎಂದರೆ ಸರಾಸರಿ, ಮತ್ತು ಅಂಕ ಹೆಚ್ಚಾದಷ್ಟೂ ದೈಹಿಕ ಸಾಮರ್ಥ್ಯ ಹೆಚ್ಚು. ಹ್ಯಾಕ್ ಕುಟುಂಬದಲ್ಲಿ ಅಂಕ ಏರಿದರೆ ಕೆಟ್ಟ ಸುದ್ದಿ, ಪ್ರಾಮಿಸ್‌ನಲ್ಲಿ ಏರಿದರೆ ಒಳ್ಳೆಯ ಸುದ್ದಿ.

ದಿನನಿತ್ಯದ ಚಿಕಿತ್ಸೆಯಲ್ಲಿ ಬಳಸಲು ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರಲ್ಲಿ ಎಂಡಿಹ್ಯಾಕ್, ಹ್ಯಾಕ್-2 ಮತ್ತು ಹತ್ತು ಪ್ರಶ್ನೆಗಳ ಪ್ರಾಮಿಸ್ ಇವುಗಳಿಗೆ ಆದ್ಯತೆ ನೀಡಿತು. ಮೂರೂ ಚಿಕ್ಕವು, ಕಾಯುವ ಕೋಣೆಯಲ್ಲೇ ತುಂಬಿ ಮುಗಿಸಬಹುದು.

ನಮ್ಮ ಮನೆಗೆ ಹೊಂದುವ ಪ್ರಶ್ನೆ ಯಾವುದು?

ಮೂಲ ಹ್ಯಾಕ್ ಕೇಳುವ ಕೆಲವು ಪ್ರಶ್ನೆಗಳನ್ನು ನೋಡಿ: ಟಬ್ಬಿನಲ್ಲಿ ಸ್ನಾನ ಮಾಡಲು ಆಗುತ್ತದೆಯೇ? ಮಾಂಸ ಕತ್ತರಿಸಲು ಆಗುತ್ತದೆಯೇ? ಕಾರಿನ ಬಾಗಿಲು ತೆರೆಯಲು? ವ್ಯಾಕ್ಯೂಮ್ ಕ್ಲೀನರ್ ಹಿಡಿಯಲು? ಬಕೆಟ್ಟಿನಲ್ಲಿ ನೀರು ತುಂಬಿ ಚೊಂಬಿನಿಂದ ಸ್ನಾನ ಮಾಡುವ, ಮಾಂಸವನ್ನೇ ತಿನ್ನದ, ಕಾರಿಲ್ಲದ ಮನೆಯ ಹೆಂಗಸು ಇದಕ್ಕೆ ಏನು ಬರೆಯಬೇಕು? ‘ಅದೆಲ್ಲ ನಾನು ಮಾಡುವುದಿಲ್ಲ’ ಎಂದು ಖಾಲಿ ಬಿಡುತ್ತಾರೆ. ಇಲ್ಲವೇ ‘ಕಷ್ಟ ಇಲ್ಲ’ ಎಂದು ಗುರುತು ಹಾಕುತ್ತಾರೆ. ಎರಡರಲ್ಲೂ ಅಳತೆ ತಪ್ಪುತ್ತದೆ.

ಇದನ್ನು ಮನಗಂಡು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎ. ಕುಮಾರ್, ಡಾ. ಎ.ಎನ್. ಮಾಳವೀಯ ಮತ್ತು ಸಂಗಡಿಗರು ಭಾರತೀಯ ಹ್ಯಾಕ್ ಸಿದ್ಧಪಡಿಸಿ, ರೋಗಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಇದರಲ್ಲಿ 12 ಪ್ರಶ್ನೆಗಳಿವೆ. ಎಂಟು ಎಂಹ್ಯಾಕ್‌ನವೇ, ಆದರೆ ನಮ್ಮ ಉಡುಪು ನಮ್ಮ ವಾಹನ ಹಾಕಿಕೊಂಡಿವೆ. ಉಡುಪು ಎಂದರೆ ಸೀರೆ, ಸಲ್ವಾರ್, ಪಂಚೆ, ಪೈಜಾಮ. ಕಾರಿನ ಜೊತೆಗೆ ಆಟೊ, ರಿಕ್ಷಾ. ಹೊಸದಾಗಿ ಸೇರಿದವು ನಾಲ್ಕು: ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರುವುದು ಅಥವಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಮೂರು ಕಿಲೋಮೀಟರ್ ನಡೆಯುವುದು, ತರಕಾರಿ ಮಾರುಕಟ್ಟೆಯಲ್ಲಿ ಕೊಳ್ಳುವುದು, ಒಂದು ಮಹಡಿ ಹತ್ತುವುದು.

ಒಂದೇ ಪ್ರಶ್ನೆ ಸೇರಿದರೆ ಏನು ಮಹಾ ಎನ್ನಬೇಡಿ. ಪಾಶ್ಚಾತ್ಯ ಕಮೋಡ್ ಮೇಲೆ ಕೂತು ಏಳಲು ‘ಸ್ವಲ್ಪ ಕಷ್ಟ’ ಎನ್ನುವವರಿಗೆ ನೆಲದ ಶೌಚಾಲಯದಲ್ಲಿ ಕೂರಲು ‘ಆಗುವುದೇ ಇಲ್ಲ’ ಎಂದಿರಬಹುದು. ಬಾಡಿಗೆ ಮನೆಯಲ್ಲಿ ನೆಲದ ಶೌಚಾಲಯ ಮಾತ್ರವಿದ್ದರೆ ಅದು ದಿನದ ಮೊದಲ ಸಂಕಟ. ಮೂಲ ಹ್ಯಾಕ್‌ಗೆ ಆ ಸಂಕಟ ಕಾಣುವುದಿಲ್ಲ.

ಹಾಗೆಂದು ಭಾರತೀಯ ಹ್ಯಾಕ್‌ನಲ್ಲಿ ಎಲ್ಲವೂ ಇದೆ ಎಂದಲ್ಲ. ಚೆನ್ನೈನ ಅನೇಕ ಬೀದಿಗಳಲ್ಲಿ ನೀರು ಎಂದರೆ ಕೈಪಂಪು ಒತ್ತುವುದು, ಟ್ಯಾಂಕರ್ ಬಂದಾಗ ಪ್ಲಾಸ್ಟಿಕ್ ಕೊಡ ತುಂಬಿ ಸೊಂಟದ ಮೇಲೆ ಹೊತ್ತು ತರುವುದು. ಬೆಳಗಿನ ಹೊತ್ತು, ಅಂದರೆ ಕೀಲುಗಳ ಬಿಗಿತ ಅತಿ ಹೆಚ್ಚಿರುವಾಗ, ಬಗ್ಗಿ ಬಾಗಿಲಿಗೆ ರಂಗೋಲಿ ಇಡುವುದು. ತೆಂಗಿನಕಾಯಿ ತುರಿಯುವುದು, ಒದ್ದೆ ಬಟ್ಟೆ ಹಿಂಡುವುದು. ಇವು ಯಾವ ಹಾಳೆಯಲ್ಲೂ ಇಲ್ಲ. ‘ಲೋಟ ಎತ್ತುವುದು’ ಎಂಬ ಪ್ರಶ್ನೆ ಇದೆ ನಿಜ. ಆದರೆ ಹಿಡಿಯಿರುವ ಕಪ್ ಎತ್ತುವುದಕ್ಕೂ ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಅಂಚಿನಲ್ಲಿ ಬೆರಳ ತುದಿಯಿಂದ ಹಿಡಿಯುವುದಕ್ಕೂ ಬೇಕಾದ ಹಿಡಿತ ಬೇರೆ.

ಲೆಕ್ಕ ಮಾಡಿ ನೋಡೋಣ

ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ಇದು ಲೆಕ್ಕ ತೋರಿಸಲು ಕಟ್ಟಿದ ಉದಾಹರಣೆ ಮಾತ್ರ. ಅವರಿಗೆ ಬಟ್ಟೆ ಉಡಲು, ಹಾಸಿಗೆಯಿಂದ ಏಳಲು, ಮೈ ತೊಳೆದು ಒರೆಸಲು, ಬಗ್ಗಿ ಬಟ್ಟೆ ಎತ್ತಲು, ನಲ್ಲಿ ತಿರುಗಿಸಲು, ಆಟೊ ಅಥವಾ ಕಾರು ಹತ್ತಿ ಇಳಿಯಲು ಸ್ವಲ್ಪ ಕಷ್ಟ. ಲೋಟ ಎತ್ತಲು, ಸಮತಟ್ಟಾದ ಕಡೆ ನಡೆಯಲು ಕಷ್ಟವಿಲ್ಲ.

ಎಂಹ್ಯಾಕ್ ಇಷ್ಟನ್ನೇ ಕೇಳುತ್ತದೆ. ಆರು ಕಡೆ 1, ಎರಡು ಕಡೆ 0. ಒಟ್ಟು 6, ಎಂಟರಿಂದ ಭಾಗಿಸಿದರೆ 0.75.

ಭಾರತೀಯ ಹ್ಯಾಕ್ ಮುಂದೆ ಕೇಳುತ್ತದೆ. ನೆಲಕ್ಕೆ ಕೂರಲು ಆಗುವುದೇ ಇಲ್ಲ: 3. ಮೂರು ಕಿಲೋಮೀಟರ್ ನಡೆಯಲು ತುಂಬಾ ಕಷ್ಟ: 2. ತರಕಾರಿ ತರಲು, ಮಹಡಿ ಹತ್ತಲು ಸ್ವಲ್ಪ ಕಷ್ಟ: ತಲಾ 1. ಒಟ್ಟು 13, ಹನ್ನೆರಡರಿಂದ ಭಾಗಿಸಿದರೆ 1.08.

ಮೂಲ ಹ್ಯಾಕ್ ಇನ್ನೊಂದು ದಿಕ್ಕಿನಲ್ಲಿ ಕೆದಕುತ್ತದೆ. ಹಾಲಿನ ಹೊಸ ಪೊಟ್ಟಣ ತೆರೆಯಲು ತುಂಬಾ ಕಷ್ಟ, ಊಟದ ಗುಂಪಿಗೆ 2. ತಲೆಗಿಂತ ಮೇಲಿನ ಶೆಲ್ಫಿನಿಂದ ಎರಡು ಕಿಲೋಗಿಂತ ತುಸು ಹೆಚ್ಚು ಭಾರದ ಚೀಲ ಇಳಿಸಲು ತುಂಬಾ ಕಷ್ಟ, ಕೈ ಚಾಚುವ ಗುಂಪಿಗೆ 2. ಮುಚ್ಚಳ ತಿರುಗಿಸಲು ತುಂಬಾ ಕಷ್ಟ, ಹಿಡಿತಕ್ಕೆ 2. ಮನೆಗೆಲಸಕ್ಕೆ 2. ಏಳುವುದು, ನಡಿಗೆ, ಸ್ವಚ್ಛತೆಗೆ ತಲಾ 1. ಉಡುಪಿಗೆ 1 ಇರಬೇಕಿತ್ತು, ಆದರೆ ಸೀರೆ ಉಡಲು ಸೊಸೆ ನೆರವಾಗುತ್ತಾಳೆ, ಹಾಗಾಗಿ ನಿಯಮದಂತೆ 2. ಒಟ್ಟು 13, ಎಂಟರಿಂದ ಭಾಗಿಸಿದರೆ 1.63.

ಒಂದೇ ಜೀವ, ಒಂದೇ ವಾರ. 0.75, 1.08, 1.63. ಯಾವುದೂ ಸುಳ್ಳಲ್ಲ, ಮೂರು ಹಾಳೆಗಳು ಬೇರೆ ಬೇರೆ ಪ್ರಶ್ನೆ ಕೇಳಿವೆ ಅಷ್ಟೆ. ಆದ್ದರಿಂದ ಒಂದು ಹಾಳೆಯ ಅಂಕವನ್ನು ಇನ್ನೊಂದರ ಅಂಕದ ಪಕ್ಕ ಇಟ್ಟು ‘ಹೆಚ್ಚಾಯಿತು’, ‘ಕಡಿಮೆಯಾಯಿತು’ ಎನ್ನುವಂತಿಲ್ಲ. ಅದೇ ಹಾಳೆಯ ಹಳೆಯ ಅಂಕದ ಪಕ್ಕವೇ ಹೊಸ ಅಂಕ ಇಡಬೇಕು.

ಎಷ್ಟು ಬದಲಾದರೆ ನಿಜವಾದ ಬದಲಾವಣೆ?

ಮೂಲ ಹ್ಯಾಕ್‌ನಲ್ಲಿ 0.22ರಷ್ಟು ಇಳಿಕೆಯನ್ನು ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ಸುಧಾರಣೆ ಎಂದು ಔಷಧ ಪ್ರಯೋಗಗಳಲ್ಲಿ ಬಳಸುತ್ತಾರೆ. ಒಂದು ಗುಂಪಿನಲ್ಲಿ ಒಂದು ಮೆಟ್ಟಿಲು ಬದಲಾದರೆ ಅಂಕ 0.125ರಷ್ಟು ಅಲುಗುತ್ತದೆ. ಅಂದರೆ ಕನಿಷ್ಠ ಎರಡು ಮೆಟ್ಟಿಲು ಬದಲಾಗಬೇಕು. ಮೇಲಿನ ಉದಾಹರಣೆಯಲ್ಲಿ ಸೊಸೆಯ ಸಹಾಯಕ್ಕೆ ಗುರುತು ಹಾಕಲು ಮರೆತರೂ ಅಂಕ 0.125 ಇಳಿದು 1.5 ಆಗುತ್ತದೆ. ಕಾಯಿಲೆಯಲ್ಲಿ ಏನೂ ಬದಲಾಗದೆಯೇ ಸುಧಾರಣೆಯ ಅರ್ಧ ದಾರಿ ಕ್ರಮಿಸಿದಂತೆ ಕಾಣುತ್ತದೆ!

0.22 ಎಂಬುದು ಹಲವು ರೋಗಿಗಳ ಸರಾಸರಿಯಿಂದ ಬಂದ ಸಂಖ್ಯೆ ಎಂಬುದೂ ನೆನಪಿರಲಿ. ಜ್ವರ, ನಿದ್ದೆಗೆಟ್ಟ ವಾರ, ಮನಸ್ಸಿನ ದುಗುಡ, ವಯಸ್ಸಿನ ಮಂಡಿ ಸವೆತ, ಇವೆಲ್ಲವೂ ಒಬ್ಬರ ಅಂಕವನ್ನು ಏರಿಸಬಲ್ಲವು.

ಇನ್ನೊಂದು ಮುಖ್ಯ ಸಂಗತಿ. ಕಾಯಿಲೆ ಹೊಸದಾಗಿದ್ದಾಗ ಕಷ್ಟಕ್ಕೆ ಕಾರಣ ಬಹುಮಟ್ಟಿಗೆ ಉರಿಯೂತ. ಔಷಧ ಹಿಡಿದರೆ ಅಂಕ ಇಳಿಯುತ್ತದೆ. ಹಲವು ವರ್ಷ ಕಳೆದು ಕೀಲುಗಳೇ ಸವೆದು ಸೊಟ್ಟಗಾಗಿದ್ದರೆ ಉರಿಯೂತ ಹತೋಟಿಗೆ ಬಂದರೂ ಅಂಕ ಒಂದು ಮಟ್ಟದಿಂದ ಕೆಳಗೆ ಇಳಿಯದೇ ಇರಬಹುದು. ಆಗ ಬೇಕಾಗುವುದು ಹೆಚ್ಚಿನ ಔಷಧವೇ ಆಗಿರಬೇಕಿಲ್ಲ. ಫಿಸಿಯೋಥೆರಪಿ, ಕೈಗೆ ಸ್ಪ್ಲಿಂಟ್, ಶೌಚಾಲಯಕ್ಕೆ ಹಿಡಿಕಂಬಿ, ಕೆಲವೊಮ್ಮೆ ಕೀಲು ಬದಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದನ್ನು ತೀರ್ಮಾನಿಸಲು ವೈದ್ಯರು ಪ್ರಶ್ನಾವಳಿಯ ಅಂಕವನ್ನು ಕೀಲು ತಪಾಸಣೆ ಮತ್ತು ರಕ್ತದ ವರದಿಯ ಜೊತೆಗಿಟ್ಟು ನೋಡುತ್ತಾರೆ. ಅಂಕ ಒಂದನ್ನೇ ನೋಡಿ ನೀವಾಗಿ ಮೆಥೊಟ್ರೆಕ್ಸೇಟ್ ಆಗಲಿ ಬೇರೆ ಔಷಧವಾಗಲಿ ಹೆಚ್ಚಿಸುವುದು, ನಿಲ್ಲಿಸುವುದು ಬೇಡ.

ಯಾರು ತುಂಬಬೇಕು, ಯಾವ ಭಾಷೆಯಲ್ಲಿ?

ಚೆನ್ನೈನಲ್ಲಿ ದಶಕಗಳಿಂದ ಇರುವ ಅನೇಕ ಕನ್ನಡಿಗ ಹಿರಿಯರಿಗೆ ತಮಿಳು ಮಾತು ಸಲೀಸು, ಓದು ಬಾರದು. ತಮಿಳು ಅಥವಾ ಇಂಗ್ಲಿಷ್ ಹಾಳೆ ಕೈಗೆ ಬಂದಾಗ ಮಗನೋ ಮಗಳೋ ಓದಿ, ಬಾಯಲ್ಲೇ ಅನುವಾದಿಸಿ, ಒಮ್ಮೊಮ್ಮೆ ತಾವೇ ಉತ್ತರವನ್ನೂ ಬರೆದುಬಿಡುತ್ತಾರೆ. ಎಡವುವುದು ಇಲ್ಲಿಯೇ.

‘ಅಮ್ಮ, ಬಟ್ಟೆ ಹಾಕಿಕೊಳ್ಳಲು ಆಗುತ್ತಾ?’ ಎಂದರೆ ಅಮ್ಮ ‘ಆಗುತ್ತಪ್ಪ’ ಎನ್ನುತ್ತಾರೆ. ಪ್ರಶ್ನೆ ಇರುವುದು ಆಗುತ್ತದೋ ಇಲ್ಲವೋ ಎಂದಲ್ಲ, ಎಷ್ಟು ಕಷ್ಟಪಟ್ಟು ಎಂದು. ಇಪ್ಪತ್ತು ನಿಮಿಷ ಒದ್ದಾಡಿ ಉಟ್ಟರೂ ನಮ್ಮ ಹಿರಿಯರ ಬಾಯಲ್ಲಿ ಬರುವುದು ‘ಹೇಗೋ ಆಗುತ್ತೆ’. ಆ ‘ಹೇಗೋ’ ಎಂಬುದರಲ್ಲಿ 1 ಇದೆಯೋ 2 ಇದೆಯೋ ಕೇಳಿ ತಿಳಿಯಬೇಕು.

ಕೂಡಿ ಬಾಳುವ ಮನೆಗಳಲ್ಲಿ ಸಹಾಯ ಸಹಾಯದಂತೆ ಕಾಣುವುದಿಲ್ಲ. ಸೊಸೆ ಜಡೆ ಹೆಣೆಯುತ್ತಾಳೆ, ಮೊಮ್ಮಗ ಬಾಟಲಿಯ ಮುಚ್ಚಳ ತೆಗೆಯುತ್ತಾನೆ, ಯಜಮಾನರು ಕುಕ್ಕರ್ ಇಳಿಸುತ್ತಾರೆ. ವರ್ಷಗಳಿಂದ ಹಾಗೇ ನಡೆದರೆ ರೋಗಿಗೆ ‘ನನಗೇನೂ ಕಷ್ಟವಿಲ್ಲ’ ಎನಿಸುತ್ತದೆ. ಆರೈಕೆ ಮಾಡುವವರು ಇಲ್ಲಿ ನೆರವಾಗಬಹುದು. ಉತ್ತರ ರೋಗಿಯದೇ ಇರಲಿ, ಆದರೆ ಈ ವಾರ ಯಾವ ಯಾವ ಕೆಲಸಕ್ಕೆ ಯಾರು ಕೈ ಹಚ್ಚಿದರು ಎಂದು ನೀವು ನೆನಪಿಸಿ. ನಿಮ್ಮ ಅಂದಾಜು ಅವರದಕ್ಕಿಂತ ಬೇರೆಯಿದ್ದರೆ ಹಾಳೆ ತಿದ್ದಬೇಡಿ, ವೈದ್ಯರಿಗೆ ಬಾಯಿಮಾತಿನಲ್ಲಿ ಹೇಳಿ.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಈ ಅಂಕ ಸಾಕೇ?

ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ರುಮಟಾಯ್ಡ್ ಸಂಧಿವಾತದ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಕೀಲುಗಳ ಹಾನಿಯಿಂದ ಉಂಟಾದ ಚಲನವೈಕಲ್ಯವನ್ನು ಸರ್ಕಾರ ಗುರುತಿಸಿದ ವೈದ್ಯಾಧಿಕಾರಿಗಳು ತಮ್ಮ ಮಾರ್ಗಸೂಚಿಯಂತೆ ಅಳೆದು ಶೇಕಡಾವಾರು ನಿರ್ಧರಿಸುತ್ತಾರೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40 ಕನಿಷ್ಠ ಮಟ್ಟ. ಹ್ಯಾಕ್‌ನ 1.5 ಅನ್ನು 3ರಿಂದ ಭಾಗಿಸಿ ‘ಶೇ 50’ ಎಂದು ಹೇಳಿಕೊಳ್ಳಲು ಬರುವುದಿಲ್ಲ.

ಮುಂದಿನ ಭೇಟಿಗೆ ಮುನ್ನ

- ತುಂಬಿದ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅಂಕದ ಪಕ್ಕದಲ್ಲಿ ಪ್ರಶ್ನಾವಳಿಯ ಹೆಸರು, ದಿನಾಂಕ ಬರೆಯಿರಿ. ಆಸ್ಪತ್ರೆ ಬದಲಿಸಿದರೆ ಅದನ್ನು ತೋರಿಸಿ, ‘ಇದೇ ಹಾಳೆಯನ್ನು ಮುಂದುವರಿಸಬಹುದೇ’ ಎಂದು ಕೇಳಿ.
- ಕನ್ನಡದ ಪ್ರತಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಪ್ರತಿ ಬಾರಿಯೂ ಒಬ್ಬರೇ ಓದಿ ಹೇಳಲಿ, ಅದೇ ಪದಗಳನ್ನು ಬಳಸಲಿ: ‘ಕಷ್ಟವೇ ಇಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ’.
- ನೀವು ಮಾಡದ ಕೆಲಸದ ಬಗ್ಗೆ ಪ್ರಶ್ನೆ ಬಂದರೆ ಊಹಿಸಿ ಬರೆಯಬೇಡಿ. ‘ಇದು ನಾನು ಮಾಡುವ ಕೆಲಸವಲ್ಲ’ ಎಂದು ಸಿಬ್ಬಂದಿಗೆ ತಿಳಿಸಿ.
- ಇವತ್ತು ಬೆಳಿಗ್ಗೆ ಹೇಗಿತ್ತು ಎಂದಲ್ಲ, ಹಾಳೆ ಕೇಳಿದಂತೆ ಕಳೆದ ವಾರವನ್ನೆಲ್ಲ ನೆನೆದು ಉತ್ತರಿಸಿ.
- ಹಾಳೆಯಲ್ಲಿ ಇಲ್ಲದ, ಆದರೆ ನಿಮಗೆ ಮುಖ್ಯವಾದ ಎರಡು ಮೂರು ಕೆಲಸಗಳನ್ನು ಹಿಂಬದಿಯಲ್ಲಿ ಬರೆಯಿರಿ. ಕೊಡ ಹೊರುವುದು, ರಂಗೋಲಿ, ಕಾಯಿ ತುರಿಯುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಏನೇ ಇರಲಿ. ಅಂಕಕ್ಕೆ ಸೇರದಿದ್ದರೂ ಚಿಕಿತ್ಸೆಯ ಮಾತುಕತೆಗೆ ಸೇರುತ್ತದೆ.
- ಅಂಕ ಏರಿದ್ದರೆ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ಇದು ಉರಿಯೂತದಿಂದಲೋ, ಹಳೆಯ ಹಾನಿಯಿಂದಲೋ, ಬೇರೆ ಕಾರಣದಿಂದಲೋ?

ಕಾಯುವ ಕೋಣೆಯಲ್ಲಿ ಅವಸರದಲ್ಲಿ ಗುರುತು ಹಾಕಿ ಕೊಟ್ಟುಬಿಡುವ ಈ ಹಾಳೆಯ ಮೇಲೆ ಔಷಧದ ಪ್ರಮಾಣ, ಮುಂದಿನ ಭೇಟಿಯ ದಿನ, ಕೆಲವೊಮ್ಮೆ ದುಬಾರಿ ಚುಚ್ಚುಮದ್ದು ಬೇಕೋ ಬೇಡವೋ ಎಂಬ ತೀರ್ಮಾನವೂ ನಿಂತಿರಬಹುದು. ಐದು ನಿಮಿಷ ಹೆಚ್ಚು ತೆಗೆದುಕೊಳ್ಳಿ. ಕಷ್ಟವನ್ನು ಕಷ್ಟವೆಂದೇ ಬರೆಯಿರಿ.